ತೋಟದ ನೆರಳು, ಕೌದಿಯ ತುಣುಕು

ಕೊಡಗಿನಲ್ಲಿ ಕ್ಯಾಮೆರಾ ಹಿಡಿದು ಹೊರಟರೆ ಎತ್ತ ತಿರುಗಿಸಿದರೂ ಚಂದದ ಫೋಟೊ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಸುಳ್ಳಲ್ಲ. ರಾಜಾಸೀಟಿನ ಸಂಜೆ, ಅಬ್ಬಿ ಜಲಪಾತ, ಮಾಂದಲಪಟ್ಟಿಯ ಹುಲ್ಲುಗುಡ್ಡ, ಇವನ್ನೆಲ್ಲ ಯಾರು ತೆಗೆದರೂ ನೋಡುವ ಹಾಗಿರುತ್ತವೆ. ನಾನು ಹುಡುಕಿಕೊಂಡು ಹೋಗುವುದು ಆ ಚಂದದೊಳಗಿನ ಇನ್ನೊಂದು ಸಂಗತಿಯನ್ನು. ಒಂದು ಬಣ್ಣ ಎಲ್ಲಿ ನಿಂತು ಇನ್ನೊಂದು ಎಲ್ಲಿಂದ ಹೊರಡುತ್ತದೆ? ಕಪ್ಪಿನ ಮಗ್ಗುಲಲ್ಲಿ ಬಿಳುಪು ಎಷ್ಟು ಜಾಗ ಹಿಡಿದಿದೆ? ಆ ಗೆರೆ ನೇರವೋ, ಓರೆಯೋ, ಬಾಗಿದೆಯೋ? ಮನೆಗೆ ಬಂದ ಮೇಲೆ ಅದನ್ನೇ ಬಟ್ಟೆಯಲ್ಲಿ ಕತ್ತರಿಸಿ ಹೊಲಿಯಬೇಕಾದವಳು ನಾನು. ಹಾಗಾಗಿ ಕಣ್ಣು ಮೊದಲು ಹೋಗುವುದು ಅಂಚಿನ ಮೇಲೆ.

ಫೋಟೊಗ್ರಫಿ ನನ್ನ ವೃತ್ತಿಯಲ್ಲ. ಸೋಮವಾರಪೇಟೆ ಹತ್ತಿರ ಮನೆ, ಹಳೆಯದೊಂದು ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸು, ಭಾನುವಾರ ಸಿಗುವ ಅರ್ಧ ದಿನ, ಇಷ್ಟೇ ಬಂಡವಾಳ. ಕೌದಿ ಮಾತ್ರ ತವರಿನಿಂದ ಬಂದದ್ದು. ಧಾರವಾಡದ ಕಡೆ ನಮ್ಮ ಮನೆಯಲ್ಲಿ ಹಳೆ ಸೀರೆ, ಧೋತರ, ಅಂಗಿ ಯಾವುದನ್ನೂ ಎಸೆಯುತ್ತಿರಲಿಲ್ಲ. ಇನ್ನೂ ಗಟ್ಟಿಯಿದ್ದ ಸೀರೆ ಮೇಲಕ್ಕೂ ಕೆಳಕ್ಕೂ, ಸವೆದದ್ದು ನಡುವೆ ಪದರಪದರವಾಗಿ. ಮೇಲೆ ಚಿಂದಿಯ ಚೌಕ, ತ್ರಿಕೋನ. ಅಷ್ಟೂ ಪದರ ಹಿಡಿದು ದಪ್ಪ ದಾರದಲ್ಲಿ ಸಣ್ಣ ರನ್ನಿಂಗ್ ಹೊಲಿಗೆ. ಹತ್ತಿ ತುಂಬುವ ಪದ್ಧತಿಯೇ ಇಲ್ಲ, ಹಳೆ ಬಟ್ಟೆಯೇ ಬೆಚ್ಚಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಕ್ರಮ ಇನ್ನೂ ಬೇರೆ. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿ ಮಾಡಿದ ತ್ರಿಕೋನ, ಅದನ್ನು ಫುಲಾ ಎನ್ನುತ್ತಾರೆ, ಅದು ಇಲ್ಲದಿದ್ದರೆ ಕವಂದಿಗೆ ಮೈಮೇಲೆ ಬಟ್ಟೆಯೇ ಇಲ್ಲದಂತೆ ಅವರಿಗೆ. ಇದರ ಜೊತೆಗೆ ವಿಡಿಯೊ ನೋಡಿ ಕಲಿತ, ಹೊರದೇಶದ ಕೌದಿಯಾದ ಕ್ವಿಲ್ಟಿನ ಲೆಕ್ಕವೂ ನನ್ನ ಕೈಯಲ್ಲಿದೆ. ಚೂರು ಕೂಡಿಸಿ ಮಾಡಿದ ಚೌಕಗಳಾದ ಬ್ಲಾಕುಗಳು, ಕಾಲು ಅಂಗುಲದ ಹೊಲಿಗೆ ಬಿಡುವು, ಮೂರು ಅಂಗುಲದ ಚೌಕ ಬೇಕೆಂದರೆ ಮೂರೂವರೆಗೆ ಕತ್ತರಿಸುವ ಶಿಸ್ತು. ಹೊಲಿಗೆ ಧಾರವಾಡದ್ದು, ಲೆಕ್ಕ ದೂರ ದೇಶದ್ದು, ಬಣ್ಣ ಮಾತ್ರ ಸಂಪೂರ್ಣ ಕೊಡಗಿನದು.

ಮಂಜಿನಿಂದಲೇ ಶುರುಮಾಡುತ್ತೇನೆ. ಡಿಸೆಂಬರ್ ಬೆಳಗ್ಗೆ ಮಾದಾಪುರದ ಕಡೆಯಿಂದ ಕೋಟೆಬೆಟ್ಟದ ದಿಕ್ಕಿಗೆ ನೋಡಿದರೆ ಗುಡ್ಡಗಳು ಒಂದರ ಹಿಂದೊಂದು ನಿಂತಿರುತ್ತವೆ. ಹತ್ತಿರದ ಏಣು ಹೆಚ್ಚುಕಡಿಮೆ ಕಪ್ಪು. ಅದರ ಹಿಂದಿನದು ನೀಲಿಗೆ ತಿರುಗಿದ ಹಸಿರು. ಅದರ ಹಿಂದೆ ಬೂದಿ. ಕೊನೆಯದು ಆಕಾಶವೋ ಬೆಟ್ಟವೋ ಹೇಳಲಾಗದಷ್ಟು ತೆಳು. ದೂರ ಹೆಚ್ಚಿದಷ್ಟೂ ನಮ್ಮ ಮತ್ತು ಬೆಟ್ಟದ ನಡುವೆ ಗಾಳಿ, ತೇವ ಹೆಚ್ಚು. ಅವು ಚೆದುರಿಸಿದ ಬೆಳಕು ಬೆಟ್ಟದ ಕಪ್ಪಿನ ಮೇಲೆ ಬಂದು ಕೂರುತ್ತದೆ. ಅಷ್ಟಕ್ಕೇ ಕಾಡು, ಬಂಡೆ, ಹುಲ್ಲು ಎಲ್ಲ ಅಳಿಸಿಹೋಗಿ ಬರೀ ಪಟ್ಟಿಗಳು ಉಳಿಯುತ್ತವೆ. ಹೊಲಿಯುವವಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಏನನ್ನು ಬಿಡಬೇಕು ಎಂದು ನಾನು ಕೂತು ಯೋಚಿಸಬೇಕಾಗಿದ್ದನ್ನು ಮಂಜೇ ಬಿಟ್ಟುಕೊಟ್ಟಿರುತ್ತದೆ.

ಇಂಥ ಫೋಟೊವನ್ನು ಮನೆಗೆ ತಂದು ನಾನು ಮಾಡುವ ಮೊದಲ ಕೆಲಸ ಅದರ ಬಣ್ಣ ತೆಗೆಯುವುದು. ಕಪ್ಪು ಬಿಳುಪು ಮಾಡಿದ ಕೂಡಲೇ ನಿಜ ಸಂಗತಿ ಕಾಣುತ್ತದೆ: ಎಷ್ಟು ಮೆಟ್ಟಿಲು ಬೂದಿ ಇದೆ, ಯಾವುದರಿಂದ ಯಾವುದಕ್ಕೆ ಎಷ್ಟು ಜಿಗಿತ. ಆಮೇಲೆ ಕಪಾಟಿನಿಂದ ಆರಿಸಿದ ಬಟ್ಟೆಗಳನ್ನು ಸಾಲಾಗಿ ಇಟ್ಟು ಅವುಗಳದ್ದೂ ಒಂದು ಫೋಟೊ, ಅದಕ್ಕೂ ಬಣ್ಣ ತೆಗೆಯುವುದು. ಕಣ್ಣಿಗೆ ಬೇರೆ ಬೇರೆಯಾಗಿ ಕಂಡ ಒಂದು ಹಸಿರು, ಒಂದು ಕೆಂಪು ಅಲ್ಲಿ ಒಂದೇ ಬೂದಿಯಾಗಿ ಬಿದ್ದಿರುತ್ತವೆ. ಅವೆರಡನ್ನು ಪಕ್ಕಪಕ್ಕ ಹೊಲಿದರೆ ಹತ್ತು ಹೆಜ್ಜೆ ದೂರದಿಂದ ಅಂಚೇ ಕಾಣುವುದಿಲ್ಲ. ಕೌದಿಯಲ್ಲಿ ಆಕಾರವನ್ನು ಎಬ್ಬಿಸಿ ನಿಲ್ಲಿಸುವುದು ಬಣ್ಣದ ಹೆಸರಿಗಿಂತ ಹೆಚ್ಚಾಗಿ ಅದರ ತಿಳಿ-ಗಾಢ. ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡುಪ್ರಾಣಿಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದೇ ಹೆಸರಾದವರು. ಬಣ್ಣವಿಲ್ಲದೆಯೂ ಕಾಡಿನ ಬೆಳಕು ಎಷ್ಟು ತುಂಬಿಕೊಂಡು ನಿಲ್ಲುತ್ತದೆ ಎಂದು ಅವರ ಚಿತ್ರಗಳನ್ನು ನೋಡಿದವರಿಗೆ ಗೊತ್ತು.

ಮಂಜು ತೆಗೆಯುವವರಿಗೆ ಒಂದು ಮಾತು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ಎದುರಿಗಿದ್ದುದನ್ನೆಲ್ಲ ನಡುಮಟ್ಟದ ಬೂದಿಗೆ ಎಳೆಯುತ್ತದೆ, ಹಾಗಾಗಿ ಬೆಳ್ಳನೆ ಮಂಜು ಕೊಳಕಾಗಿ ಬರುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಎರಡು ಪಟ್ಟು ಆಗುವಷ್ಟು, ಏರಿಸಿಕೊಳ್ಳಿ. ಕಾಫಿ ಹೂವಿಗೂ ಇದೇ ಮಾತು.

ಕಾಫಿ ಹೂವು ಎಂದರೆ ಎಲ್ಲರೂ ಹತ್ತಿರ ಹೋಗಿ ಒಂದು ಗೊಂಚಲು ತೆಗೆಯುತ್ತಾರೆ. ಮಲ್ಲಿಗೆಯದೇ ಘಮ, ಬೆಳ್ಳಗೆ ರೆಂಬೆ ತುಂಬ, ತೆಗೆಯದೆ ಇರಲು ಆಗುವುದೂ ಇಲ್ಲ. ನನ್ನ ಸಲಹೆ, ಹತ್ತಿರ ಹೋದಷ್ಟೇ ದೂರವೂ ಹೋಗಿ, ಎತ್ತರದ ರಸ್ತೆಯ ತಿರುವೊಂದರಲ್ಲಿ ನಿಂತು ನೋಡಿ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಹೂ ಅರಳುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಮಳೆ ಎಲ್ಲ ತೋಟಕ್ಕೂ ಒಂದೇ ದಿನ ಬೀಳುವುದಿಲ್ಲ. ರೊಬಸ್ಟಾ ಜಾತಿಯ ಕಾಫಿ ಇರುವವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿಸಿ ಹೂ ಬರಿಸುತ್ತಾರೆ. ಹಾಗಾಗಿ ಒಬ್ಬರ ತೋಟ ಬೆಳ್ಳಗಿರುವಾಗ ಬೇಲಿಯಾಚೆಯದು ಇನ್ನೂ ಹಸಿರು, ಅದರಾಚೆಯದು ಆಗಲೇ ಕಂದು. ಬೇಲಿಯ ಗೆರೆ ವರ್ಷವಿಡೀ ಮರಗಳಡಿ ಮುಚ್ಚಿರುತ್ತದೆ. ಆ ಕೆಲವೇ ದಿನ ಬಣ್ಣದಲ್ಲಿ ಎದ್ದು ಕಾಣುತ್ತದೆ. ಸಿದ್ದಾಪುರ, ಅಮ್ಮತ್ತಿ ಕಡೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಅಲ್ಲಿ ರೊಬಸ್ಟಾ ಹೆಚ್ಚು.

ಆದರೆ ಹೂವಿಗಿಂತ ಕಾಫಿ ಒಣಗಿಸುವ ಕಣ ನನಗೆ ಹೆಚ್ಚು ಕೊಟ್ಟಿದೆ. ಜನವರಿ, ಫೆಬ್ರವರಿಯಲ್ಲಿ ಯಾವುದೇ ತೋಟದ ಕಣಕ್ಕೆ ಹೋಗಿ. ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ; ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಪಾರ್ಚ್‌ಮೆಂಟ್ ಕಣ ಕೆನೆ ಬಣ್ಣದ್ದು, ಶಾಂತ. ಚೆರ್ರಿ ಕಣ ಹಾಗಲ್ಲ. ಒಂದೊಂದು ದಿನದ ಕೊಯ್ಲನ್ನು ಒಂದೊಂದು ಪಾತಿಯಲ್ಲಿ ಹರಡಿರುತ್ತಾರೆ, ಒಣಗಿದ್ದಕ್ಕೆ ಹಸಿ ಬೆರೆಯಬಾರದು. ನಿನ್ನೆಯದು ಉರಿಗೆಂಪು, ನಡುನಡುವೆ ಹಳದಿ, ಹಸಿರು ಕಾಯಿ. ನಾಲ್ಕು ದಿನದ್ದು ಗಾಢ ಕೆಂಪು, ಮೈ ಸುಕ್ಕು. ವಾರ ದಾಟಿದ್ದು ಕಂದು. ಎರಡು ವಾರದ್ದು ಕಪ್ಪು. ಹಿಡಿಯಲ್ಲಿ ತೆಗೆದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ಕೊಯ್ಲಿನ ಎರಡು ವಾರ ಒಂದೇ ಅಂಗಳದಲ್ಲಿ ಬಣ್ಣದ ಪಟ್ಟಿಗಳಾಗಿ ಬಿದ್ದಿರುತ್ತದೆ. ಒಣಗಿದಂತೆ ಹಣ್ಣು ಕುಗ್ಗುವುದರಿಂದ ಹಳೆಯ ಪಾತಿಗಳು ಕಿರಿದಾಗುತ್ತಾ ಹೋಗುತ್ತವೆ. ಕೆಂಪು ಅಗಲ, ಕಪ್ಪು ಇಕ್ಕಟ್ಟು.

ಅದನ್ನು ಹಾಗೇ ಹೊಲಿದೆ. ಹೊಲಿಗೆ ಯಾವ ಕಡೆ ಓಡಬೇಕು ಎಂಬುದನ್ನೂ ಕಣವೇ ಹೇಳಿತು. ಹೆಂಗಸರು ಗೋರುಮಣೆಯಿಂದ ಹಣ್ಣನ್ನು ಎಳೆದು ಸಾಲು ಏಳಿಸುತ್ತಾರೆ, ಸಾಲುಗಳ ನಡುವೆ ಗಾಳಿ ಆಡಲಿ ಎಂದು. ಸ್ವಲ್ಪ ಹೊತ್ತಿಗೆ ಅಡ್ಡಡ್ಡ ಎಳೆದು ಮಗುಚುತ್ತಾರೆ. ಬೆಳಗ್ಗೆ ಎಂಟರ ಬಿಸಿಲು ಓರೆಯಾಗಿ ಬೀಳುವಾಗ ಪ್ರತಿ ಸಾಲಿಗೂ ಒಂದು ಬೆಳಗಿದ ಮಗ್ಗುಲು, ಒಂದು ನೆರಳಿನ ಮಗ್ಗುಲು. ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿ ನೋಡಿದರೆ ಇಡೀ ಕಣ ಹೊಲಿಗೆ ಹಾಕಿದ ಬಟ್ಟೆಯಂತೆ ಕಾಣುತ್ತದೆ. ಕೌದಿಯಲ್ಲಿ ಹೊಲಿಗೆ ಮಾಡುವುದೂ ಇದನ್ನೇ: ದಾರ ಪದರಗಳನ್ನು ಒತ್ತಿ ಹಿಡಿದ ಕಡೆ ತಗ್ಗು, ಬಿಟ್ಟ ಕಡೆ ಉಬ್ಬು, ಆ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಒಂದು ಬೆರಳು ಅಂತರದಲ್ಲಿ ಉದ್ದಕ್ಕೂ ಸಾಲು ಹಾಕಿ, ಒಂದು ಮೂಲೆಯಲ್ಲಿ ಮಾತ್ರ ಅಡ್ಡಕ್ಕೆ ತಿರುಗಿಸಿದ್ದೇನೆ, ಆಗಷ್ಟೇ ಮಗುಚಿದ ಪಾತಿ ಅದು. ಕೆಲಸದಲ್ಲಿರುವವರನ್ನು ಕೇಳದೆ ಅವರ ಮುಖ ತೆಗೆಯುವುದಿಲ್ಲ. ಅವರ ಕೈಯಿಂದ ಎದ್ದ ಸಾಲು ಮಾತ್ರ ನನ್ನ ಕೌದಿಯಲ್ಲಿದೆ, ಅದನ್ನು ಅವರಿಗೆ ತೋರಿಸಿಯೂ ಇದ್ದೇನೆ. ಗೋರುಮಣೆ ಹಿಡಿದಿದ್ದ ಹಿರಿಯ ಹೆಂಗಸೊಬ್ಬರು ಕಪ್ಪು ಪಟ್ಟಿಯ ಮೇಲೆ ಕೈಯಾಡಿಸಿ, ಇದು ಇನ್ನೆರಡು ದಿನ ಒಣಗಬೇಕು ಎಂದರು. ನೋಡಿದೆ, ಹೌದು, ನಾನು ಹಾಕಿದ್ದ ಬಟ್ಟೆಯ ಕಪ್ಪಿನಲ್ಲಿ ಇನ್ನೂ ಕೆಂಪು ಛಾಯೆ ಇತ್ತು. ಅಷ್ಟು ಸೂಕ್ಷ್ಮವಾಗಿ ನನ್ನ ಕೆಲಸವನ್ನು ಓದಿದವರು ಬೇರೆ ಯಾರೂ ಇಲ್ಲ.

ತೋಟದೊಳಗಿನ ನೆರಳು ಇನ್ನೊಂದು ಪಾಠ. ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸು, ಅವುಗಳ ಮೈಗೆ ಹಬ್ಬಿದ ಮೆಣಸು ಬಳ್ಳಿ, ಕೆಳಗೆ ಕಾಫಿ. ನೆರಳುಮರಗಳ ಕೊಂಬೆ ಕಡಿಯುವ ಮರಕಸಿಗೆ ಮುಂಚೆ ತೋಟದಲ್ಲಿ ಕತ್ತಲೆ ಮುಕ್ಕಾಲು, ಬೆಳಕು ಚೂರುಪಾರು. ಮರಕಸಿ ಆದ ಮೇಲೆ ಅದೇ ಜಾಗದಲ್ಲಿ ಲೆಕ್ಕ ಬದಲಾಗುತ್ತದೆ. ಕ್ವಿಲ್ಟ್ ಮಾಡುವವರಲ್ಲಿ ಲಾಗ್ ಕ್ಯಾಬಿನ್ ಎಂಬ ಹಳೆಯ ಬ್ಲಾಕ್ ಇದೆ. ನಡುವೆ ಒಂದು ಚೌಕ, ಹೆಚ್ಚಾಗಿ ಕೆಂಪು, ಒಲೆಯ ಜಾಗ ಎನ್ನುತ್ತಾರೆ. ಅದರ ಸುತ್ತ ಪಟ್ಟಿಗಳು, ಅಕ್ಕಪಕ್ಕದ ಎರಡು ಬದಿಗೆ ತಿಳಿ, ಉಳಿದೆರಡಕ್ಕೆ ಗಾಢ. ಬ್ಲಾಕ್ ಕರ್ಣದಲ್ಲಿ ಬೆಳಕು ನೆರಳಾಗಿ ಸೀಳುತ್ತದೆ. ಅದೇ ಬ್ಲಾಕುಗಳನ್ನು ತಿರುಗಿಸಿ ತಿರುಗಿಸಿ ಜೋಡಿಸಿದರೆ ಉತ್ತ ಸಾಲು, ವಜ್ರ, ಏನು ಬೇಕಾದರೂ ಏಳುತ್ತದೆ. ತೋಟದ ಎರಡು ಫೋಟೊ, ಮರಕಸಿಯ ಹಿಂದಿನದು ಮುಂದಿನದು, ಇವನ್ನಿಟ್ಟುಕೊಂಡು ಇದೇ ಬ್ಲಾಕಿನಲ್ಲಿ ಗಾಢ ಪಟ್ಟಿಗಳ ಅಗಲ ಕಡಿಮೆ ಮಾಡುತ್ತಾ ಹೋದರೆ ತೋಟ ಎಡದಿಂದ ಬಲಕ್ಕೆ ಬಿಚ್ಚಿಕೊಳ್ಳುತ್ತದೆ. ನಡುವಿನ ಕೆಂಪು ಚೌಕಕ್ಕೆ ಒಲೆಯ ಬದಲು ಕಾಫಿ ಹಣ್ಣಿನ ಕೆಂಪೇ ಸಾಕು.

ಹಸಿರಿನದ್ದೇ ಕಷ್ಟ. ಕೊಡಗಿನ ಒಂದು ಫೋಟೊದಲ್ಲಿ ಇರುವಷ್ಟು ಹಸಿರು ಯಾವ ಬಟ್ಟೆ ಅಂಗಡಿಯಲ್ಲೂ ಇಲ್ಲ. ಮಳೆಗಾಲದಲ್ಲಿ ಲೆನ್ಸಿಗೆ ಪೋಲರೈಸರ್ ಹಾಕಿ ತಿರುಗಿಸಿದರೆ ಒದ್ದೆ ಎಲೆಯ ಮೇಲಿನ ಹೊಳಪು ಹೋಗಿ ಕೆಳಗಿನ ಹಸಿರು ಹೊರಗೆ ಬರುತ್ತದೆ, ಆಗ ತಿಳಿಯುತ್ತದೆ ಅಂಗಡಿಯ ಹಸಿರು ಎಷ್ಟು ಬಡವ ಎಂದು. ಹಾಗಾಗಿ ಬಣ್ಣ ಮನೆಯಲ್ಲೇ ಹಾಕುತ್ತೇನೆ. ಗಿಡದಿಂದ ನೇರವಾಗಿ ನಿಲ್ಲುವ ಹಸಿರು ಸಿಗುವುದು ಬಹಳ ಅಪರೂಪ. ಹಿಂದಿನಿಂದಲೂ ನೀಲಿಯ ಮೇಲೆ ಹಳದಿ ಹತ್ತಿಸಿಯೇ ಹಸಿರು ಮಾಡಿದ್ದಾರೆ. ನೀಲಿಯ ತೊಟ್ಟಿಯಿಂದ ತೆಗೆದಾಗ ಬಟ್ಟೆ ಹಳದಿ ಹಸಿರಾಗಿರುತ್ತದೆ, ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಅದನ್ನು ತೊಳೆದು ಒಣಗಿಸಿ, ಅಳಲೆಕಾಯಿ ನೀರಿನಲ್ಲಿ, ಪಟಿಕದ ನೀರಿನಲ್ಲಿ ಅದ್ದಿ, ಆಮೇಲೆ ದಾಳಿಂಬೆ ಸಿಪ್ಪೆಯ ಹಳದಿಗೆ. ನೀಲಿ ಹೆಚ್ಚಾದರೆ ದೇವರಕಾಡಿನ ಹಸಿರು, ಕಡಿಮೆಯಾದರೆ ಗದ್ದೆಯದ್ದು. ಕೊನೆಗೆ ತುಕ್ಕು ಹಿಡಿದ ಕಬ್ಬಿಣದ ನೀರಿಗೆ ಒಂದು ಗಳಿಗೆ ಹಾಕಿದರೆ ಬಣ್ಣ ಮಂಕಾಗಿ ಹಳೆ ಕಾಫಿ ಎಲೆಯದಾಗುತ್ತದೆ.

ಗದ್ದೆ ಎಂದೆ. ಈ ಮಾತು ಬಂದರೆ ಬೈಲುಕುಪ್ಪೆಗೆ ಹೋಗಲೇಬೇಕು. ಕುಶಾಲನಗರ ದಾಟಿ ಕಾವೇರಿ ಸೇತುವೆ ಆಚೆಗೆ ಮೈಸೂರು ಜಿಲ್ಲೆ, ಅಲ್ಲಿಂದ ಸ್ವಲ್ಪವೇ ದೂರ. 1961ರ ಹೊತ್ತಿಗೆ ನೆಲೆಯೂರಿದ ಟಿಬೆಟನ್ ಶಿಬಿರ. ಜನ ಚಿನ್ನದ ಬಣ್ಣದ ಬುದ್ಧನ ಮೂರ್ತಿಗಳನ್ನು ನೋಡಲು ಹೋಗುತ್ತಾರೆ, ನಾನು ಬಟ್ಟೆ ನೋಡಲು. ಮರದಿಂದ ಮರಕ್ಕೆ ಕಟ್ಟಿದ ಪ್ರಾರ್ಥನಾ ಪತಾಕೆಗಳ ಸಾಲಿನಲ್ಲಿ ಕ್ರಮ ಎಂದೂ ತಪ್ಪುವುದಿಲ್ಲ: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಬಿಸಿಲು ಮಳೆಗೆ ಮಾಸಿ ಹರಿದುಹೋಗಲೆಂದೇ ಕಟ್ಟುವುದು, ಮಾಸಿದ ಸಾಲಿನ ಪಕ್ಕ ಹೊಸದು ಏರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಭಿಕ್ಷುವೊಬ್ಬರ ಹಳದಿ ಮೇಲುಹೊದಿಕೆ. ದೂರಕ್ಕೆ ಒಂದೇ ಬಟ್ಟೆ. ಅವರು ಪ್ರಾರ್ಥನೆಗೆ ಕೂತು ಅದನ್ನು ಹೆಗಲಿಗೆ ಸರಿಪಡಿಸಿಕೊಂಡಾಗ ಕಂಡಿತು, ಅದು ಇಡಿಯಾಗಿ ತುಂಡುಗಳಿಂದ ಕೂಡಿಸಿದ್ದು: ಉದ್ದ ಪಟ್ಟಿಗಳು, ಪಟ್ಟಿಗಳೊಳಗೆ ಸಣ್ಣ ದೊಡ್ಡ ಆಯತಗಳು, ನಡುವೆ ಮಡಿಸಿ ಹೊಲಿದ ಏಣು.

ಅದರ ಮೂಲ ಗದ್ದೆಯಲ್ಲಿದೆ. ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯ ಪಿಟಕದ ಪ್ರಕಾರ ಬುದ್ಧ ರಾಜಗೃಹದಿಂದ ದಕ್ಷಿಣಗಿರಿಯ ಕಡೆಗೆ ಹೋಗುವಾಗ ಮಗಧದ ಗದ್ದೆಗಳನ್ನು ನೋಡಿದ. ಪಟ್ಟಿಗಳು, ಬದುಗಳು, ಬದು ಕೂಡುವ ಮೂಲೆಗಳು. ಜೊತೆಗಿದ್ದ ಶಿಷ್ಯ ಆನಂದನನ್ನು ಕೇಳಿದ, ಭಿಕ್ಷುಗಳಿಗೆ ಹೀಗೇ ಚೀವರ, ಅಂದರೆ ಉಡುವ ಬಟ್ಟೆ, ಮಾಡಲು ನಿನ್ನಿಂದ ಆಗುತ್ತದೆಯೇ ಎಂದು. ಆನಂದ ಮಾಡಿ ತೋರಿಸಿದ. ಬುದ್ಧ ಮೆಚ್ಚಿ ಅವನನ್ನು ಹೊಗಳಿದ. ಅಂದಿನಿಂದ ಬೌದ್ಧ ಭಿಕ್ಷುವಿನ ಬಟ್ಟೆ ಕತ್ತರಿಸಿ ಕೂಡಿಸಿದ್ದು, ಗದ್ದೆಯ ಲೆಕ್ಕದಲ್ಲಿ. ಹೊರಗೆ ನಡೆಯುತ್ತಾ ಕಂಡದ್ದನ್ನು ಬಟ್ಟೆಗೆ ತಂದ ಮೊದಲಿಗರ ಸಾಲಿನಲ್ಲಿ ಆನಂದನೂ ಇದ್ದಾನೆ ಎಂಬುದು ನನಗೆ ದೊಡ್ಡ ಧೈರ್ಯ. ಅವನು ಚೀವರದ ಮೇಲೆ ಭತ್ತದ ತೆನೆ ಕಸೂತಿ ಮಾಡಲಿಲ್ಲ, ಬದುವಿನ ವಿನ್ಯಾಸ ಮಾತ್ರ ತೆಗೆದುಕೊಂಡ. ಫೋಟೊದಲ್ಲಿರುವ ಮರಕ್ಕೆ ಮರ, ಆನೆಗೆ ಆನೆ ಎಂದು ಬಟ್ಟೆ ಕತ್ತರಿಸಿ ಅಂಟಿಸುವ ಕೆಲಸ ನನಗೆ ಒಗ್ಗದಿರುವುದಕ್ಕೆ ಇದೇ ಕಾರಣ. ಮರವನ್ನು ಫೋಟೊ ನನಗಿಂತ ಚೆನ್ನಾಗಿ ತೋರಿಸುತ್ತದೆ. ಬಟ್ಟೆಗೆ ಬೇಕಾದದ್ದು ಮರ ಮತ್ತು ಬೆಳಕು ಜಾಗ ಹಂಚಿಕೊಂಡ ಬಗೆ.

ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ಸಮಯದಲ್ಲಿ ಊರ ಮೈದಾನಗಳಾದ ಮಂದ್‌ಗಳಲ್ಲಿ ಕೋಲಾಟ ನೋಡಿದವರಿಗೆ ಈ ಹಂಚಿಕೆಯ ಇನ್ನೊಂದು ಮುಖ ಗೊತ್ತಿರುತ್ತದೆ. ಕೊಡವ ಗಂಡಸರ ಉದ್ದ ಅಂಗಿ ಕುಪ್ಯ ಕಪ್ಪು, ಮೊಣಕಾಲಿನ ಕೆಳಗಿನವರೆಗೂ ಕಪ್ಪು. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ. ಕೆಂಪು ಅಷ್ಟೇ ಅಷ್ಟು. ಆಟದ ಸುತ್ತು ತಿರುಗುವಾಗ ಆ ಸಣ್ಣ ಕೆಂಪು ಇಡೀ ಮೈದಾನವನ್ನು ಹೊತ್ತಿಸುತ್ತದೆ. ನಮ್ಮಲ್ಲಿ ಅನೇಕರು ಕೌದಿಗೆ ಕೆಂಪು ಧಾರಾಳವಾಗಿ ಹಾಕುತ್ತಾರೆ. ಒಮ್ಮೆ ಮಂದ್‌ನಲ್ಲಿ ನಿಂತು ನೋಡಬೇಕು ಅವರು.

ಚಿಕ್ಲಿಹೊಳೆ ಅಣೆಕಟ್ಟಿನ ಅರ್ಧಚಂದ್ರದ ಕೋಡಿಯನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ನೀರು ಆ ಬಾಗಿದ ಗೋಡೆಯನ್ನು ದಾಟಿ ಒಳಕ್ಕೆ ಬೀಳುವಾಗ ಬೂದಿ ನೀಲಿಗೂ ನೊರೆಬಿಳುಪಿಗೂ ನಡುವೆ ಒಂದೇ ಒಂದು ದುಂಡನೆ ಗೆರೆ. ಬಾಗಿದ ಗೆರೆ ಹೊಲಿಯಲು ತಾಳ್ಮೆ ಬೇಕು: ಒಳಬಾಗಿದ ತುಂಡಿಗೆ ಸಣ್ಣ ಸಣ್ಣ ಕಚ್ಚು ಕೊಟ್ಟು, ಹೊರಬಾಗಿದ್ದರ ಮೇಲೆ ನಡುವಿನಿಂದ ಪಿನ್ ಹಾಕುತ್ತಾ ಬರಬೇಕು. ಮಳೆ ಹಿಡಿದ ಸಂಜೆಗೆ ಹೇಳಿ ಮಾಡಿಸಿದ ಕೆಲಸ.

ಒಂದು ಫೋಟೊ ಬಹಳ ಕಾಲ ತೆಗೆಯಲು ಮನಸ್ಸು ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಮನೆ, ತೋಟ, ಗದ್ದೆ, ಜನ ಹೋದರು. ನಮ್ಮೂರಿನಿಂದ ಮಡಿಕೇರಿಗೆ ಹೋಗುವ ದಾರಿಯೇ ಹಟ್ಟಿಹೊಳೆ, ಮಕ್ಕಂದೂರಿನ ಮೇಲೆ. ಮಳೆ ನಿಂತ ಮೇಲೂ ಹಸಿರು ಗುಡ್ಡದ ಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕೆಂಪು ಮಣ್ಣಿನ ಸೀಳುಗಳು. ಪ್ರವಾಸಕ್ಕೆ ಬಂದವರು ಕಾರು ನಿಲ್ಲಿಸಿ ತೆಗೆಯುತ್ತಿದ್ದರು. ನನ್ನಿಂದ ಆಗಲಿಲ್ಲ; ಅದರಡಿ ಯಾರ ಅಂಗಳ ಇತ್ತೆಂದು ಬಲ್ಲವರ ಜೊತೆ ಬಸ್ಸಿನಲ್ಲಿ ಕೂತು ಆ ದಾರಿಯಲ್ಲಿ ಹೋಗುತ್ತಿದ್ದೆ. ವರ್ಷಗಳು ಕಳೆದಂತೆ ಸೀಳಿನ ಮೇಲೆ ಜರಿಗಿಡ, ಹುಲ್ಲು, ಆಮೇಲೆ ಕುರುಚಲು ಬಂತು. ಈಗ ಕೆಂಪು ಹೆಚ್ಚಿನ ಕಡೆ ಮುಚ್ಚಿದೆ. ಆದರೆ ಹಸಿರು ಬೇರೆ. ಸುತ್ತಲಿನ ಹಳೆ ಮರಗಳ ಗಾಢದ ನಡುವೆ ಎಳೆ ಹಸಿರಿನ ಉದ್ದ ಪಟ್ಟಿ, ಅದರ ಆಕಾರ ಸೀಳಿನದೇ. ಅಲ್ಲಿ ಮನೆ ಕಳೆದುಕೊಂಡು ಈಗ ಬೇರೆಡೆ ಇರುವ ಗೆಳತಿಯೊಬ್ಬಳು ಕೇಳಿದ ಮೇಲೆಯೇ ಕ್ಯಾಮೆರಾ ತೆಗೆದದ್ದು. ಅವಳಿಗಾಗಿ ಹೊಲಿದ ಕೌದಿಯಲ್ಲಿ ಒಂದೂ ಕೆಂಪು ತುಂಡಿಲ್ಲ. ಗಾಢ ಹಸಿರಿನ ನಡುವೆ ಎಳೆ ಹಸಿರು, ಆ ಅಂಚಿನುದ್ದಕ್ಕೂ ಹೊಲಿಗೆ ಬಹಳ ಒತ್ತಾಗಿ, ಎರಡು ಪಟ್ಟು ದಾರದಲ್ಲಿ. ಅವಳ ಅಮ್ಮನ ಎರಡು ಸೀರೆ ಒಳಪದರದಲ್ಲಿವೆ, ಹೊರಗೆ ಕಾಣುವುದಿಲ್ಲ, ಅವಳು ಹಾಗೇ ಬಯಸಿದಳು. ಅದರ ಫೋಟೊ ಎಲ್ಲಿಯೂ ಹಾಕಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಹೊರಗೆ ಹೋಗುವುದಕ್ಕಿಂತ ಒಳಗೆ ಕೂರುವುದೇ ಹೆಚ್ಚು. ಲೆನ್ಸಿನೊಳಗೆ ಫಂಗಸ್ ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು, ಬಟ್ಟೆಗೆ ಬೂಷ್ಟು ಬಾರದಂತೆ ಬಿಸಿಲು ಕಂಡ ಕೂಡಲೇ ಹರಡಬೇಕು. ಹೊಲಿಗೆ ಮುಂದೆ ಸಾಗುವುದೂ ಆಗಲೇ. ಮುಗಿದವನ್ನು ಗೋಡೆಗೆ ತೂಗುಹಾಕಿ ಎಂದು ಕೆಲವರು ಹೇಳುತ್ತಾರೆ. ಕೌದಿ ಹೊದೆಯಲು ಇರುವುದು, ಕೊಡಗಿನ ಚಳಿಯಲ್ಲಂತೂ. ಕಣದ ಕೌದಿ ಒಗೆತಕ್ಕೆ ಬಿದ್ದು ಬಿದ್ದು ಮೆತ್ತಗಾಗಿದೆ, ಹೊಲಿಗೆಯ ತಗ್ಗುಗಳು ಇನ್ನಷ್ಟು ಚೆನ್ನಾಗಿ ಎದ್ದಿವೆ.

ಈಗ ಮೇಜಿನ ಮೇಲಿರುವುದು ಗದ್ದೆ. ಬದುಗಳಿಗೆ ಕಬ್ಬಿಣದ ನೀರಿನಲ್ಲಿ ಅದ್ದಿದ ಹಸಿರನ್ನು ಪಟ್ಟಿಯಾಗಿ ಕತ್ತರಿಸಿದ್ದಾಗಿದೆ, ನೀರು ನಿಂತ ಮಡಿಗಳಿಗೆ ಹಳೆಯ ಪಂಚೆಯ ಬೂದುಬಿಳುಪು ಒಪ್ಪುತ್ತದೆ. ಸಸಿಮಡಿಯ ಹಸಿರು ಮಾತ್ರ ಇನ್ನೂ ಕೈಗೆ ಬಂದಿಲ್ಲ. ನಾಪೋಕ್ಲು ಕಡೆ ನಾಟಿ ಶುರುವಾಗಿದೆ ಎಂದು ಸುದ್ದಿ. ಭಾನುವಾರ ಮಳೆ ಸ್ವಲ್ಪ ಬಿಟ್ಟರೆ ಹೋಗಿ, ಬೇರೆ ಬೇರೆ ಹಳದಿಯಲ್ಲಿ ಅದ್ದಿದ ಬಟ್ಟೆಯ ಚೂರುಗಳನ್ನು ಸಸಿಯ ಪಕ್ಕವೇ ಹಿಡಿದು ನೋಡಿ ಬರುತ್ತೇನೆ.